ಮೇಜಿನ ಮೇಲೆ ಬಿಡದ ಪುಸ್ತಕ

ಶಿಫಾರಸು ಓದಿನ ಸಮಿತಿಯ ಮಾನ್ಯ ಸದಸ್ಯರೇ,

…ಓದುವ ಊರು ಉಳಿಯುತ್ತದೆ ಎಂದೋ, ಉಳಿಯಬೇಕಾದ ಊರು ಓದಬೇಕು ಎಂದೋ, ತಮ್ಮ ಅಧ್ಯಕ್ಷರು ಕಳೆದ ಸೆಪ್ಟೆಂಬರಿನ ಸಭೆಯಲ್ಲಿ ಹೇಳಿದ ಮಾತು ನನಗೆ ಅರ್ಧ ಮಾತ್ರ ನೆನಪಿದೆ. ಯಾವ ಅರ್ಧವೆಂದು ಖಚಿತವಿಲ್ಲದಿದ್ದರೂ ಅದನ್ನೇ ನೆನೆದು, ತಮಗೆಲ್ಲರಿಗೂ ಗೌರವಪೂರ್ವಕ ನಮಸ್ಕಾರ ಸಲ್ಲಿಸಿ, ಲಾರ್ಕ್‌ಹಿಲ್ ಶಾಖಾ ಗ್ರಂಥಾಲಯದ ಏಕೈಕ ಸಿಬ್ಬಂದಿಯಾದ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ.

ತಮ್ಮ ಅಭಿನಂದನಾ ಪತ್ರ ನಿನ್ನೆ ತಲುಪಿತು. ಶುದ್ಧ ಇಂಧನ ಮತ್ತು ಪರಿಸರದ ಸುಸ್ಥಿರತೆಯ ಬಗ್ಗೆ ತಾವು ಆರಿಸಿ ಕಳಿಸಿದ ನಲವತ್ತು ಪುಸ್ತಕಗಳನ್ನು, ನಮ್ಮ ವಲಯದ ಹದಿನೇಳು ಶಾಖೆಗಳಲ್ಲಿ ಅತಿ ಹೆಚ್ಚು ಬಳಸಿದವರು ನಾವೇ ಎಂದು ಅದರಲ್ಲಿತ್ತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ನೆರಳಿನಲ್ಲಿ ಬೆಳೆದ, ಆ ಸ್ಥಾವರ ಡಿಸೆಂಬರಿಗೆ ಮುಚ್ಚುವುದನ್ನು ಕಾಯುತ್ತಿರುವ ಊರೊಂದು ಈ ವಿಷಯವನ್ನು ಇಷ್ಟು ಹಸಿವಿನಿಂದ ಓದುತ್ತಿರುವುದು ತಮ್ಮ ಕಣ್ಣುಗಳನ್ನು ತೇವಗೊಳಿಸಿತಂತೆ. ನನಗೂ ಹಾಗೆ ಏನೋ ಆಯಿತು. ಏನೆಂದು ಹೇಳುವುದೇ ಈ ಪತ್ರದ ಉದ್ದೇಶ.

ಓದನ್ನು ಅಳೆಯಲು ತಾವು ರೂಪಿಸಿದ ನಿಯಮದ ಸರಳತೆಯನ್ನು ಮೊದಲು ಹೊಗಳಬೇಕು. ಸಂಜೆ ಬಾಗಿಲು ಹಾಕುವ ಮುನ್ನ ಮೇಜುಗಳ ಮೇಲೆ ಬಿದ್ದಿರುವ ಪುಸ್ತಕಗಳೆಲ್ಲ ಓದಿದ ಪುಸ್ತಕಗಳು. ಕಪಾಟಿನಲ್ಲಿರುವವು ಯಾರೂ ಮುಟ್ಟದವು. ನಾನು ಒಂದೊಂದನ್ನೇ ಯಂತ್ರಕ್ಕೆ ತೋರಿಸುತ್ತೇನೆ, ಅದು ಕೀಚ್ ಎನ್ನುತ್ತದೆ, ಆ ಕೀಚ್ ತಮ್ಮನ್ನು ತಲುಪುತ್ತದೆ. ಇನ್ನು ನಮ್ಮ ಊರಿನಲ್ಲಿ ಚಳಿಗಾಲವಿಡೀ, ಕಿಟಕಿ ಪಕ್ಕದ ದೊಡ್ಡ ಮೇಜಿನ ಮೇಲೆ, ಎರಡು ಸಾವಿರ ತುಂಡುಗಳನ್ನು ಕೂಡಿಸಿ ಒಂದೇ ಚಿತ್ರ ಮಾಡುವ ಚಿತ್ರ ಜೋಡಣೆಯ ಆಟ ನಡೆಯುತ್ತದೆ. ತುಂಡುಗಳನ್ನು ಬಣ್ಣದ ಪ್ರಕಾರ ವಿಂಗಡಿಸಲು ಅಗಲವಾದ, ಗಟ್ಟಿ ರಟ್ಟಿನ, ಜಾರದ ಹೊದಿಕೆಯ ತಟ್ಟೆಗಳು ಬೇಕಾಗುತ್ತವೆ. ತಮ್ಮ ಪಟ್ಟಿಯ ಗಾಳಿಯಂತ್ರಗಳ ಚಿತ್ರಸಂಪುಟ ಬಂದ ದಿನ, ಸ್ಥಾವರದಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿ ನಿವೃತ್ತರಾದ ಗಾರ್ನೆಟ್ ಅದನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟು ವರ್ಷದಲ್ಲಿ ಸರ್ಕಾರದೋರು ಕಳಿಸಿದ್ರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ ನೋಡು, ಆಕಾಶದ ತುಂಡೆಲ್ಲ ಇದ್ರ ಮೇಲೆ ಹಾಕು," ಎಂದರು. ಸಾಗರಗಳ ಕುರಿತ ಪುಸ್ತಕದ ಮೇಲೆ ಹುಲ್ಲಿನ ತುಂಡುಗಳು ಕೂತವು, ಇಂಗಾಲದ ಇತಿಹಾಸದ ಮೇಲೆ ಅಂಚಿನವು. ಹೀಗೆ ಪ್ರತಿ ಸಂಜೆ ಏಳೆಂಟು ಕೀಚ್. ಚಿತ್ರಸಂಪುಟವೊಂದನ್ನೇ ನಾವು ಅರವತ್ತೊಂದು ಬಾರಿ ಓದಿದ್ದೇವೆ.

ಈಗ ಓದಿದವರೊಬ್ಬರ ಬಗ್ಗೆ. ವೆರ್ಲಾ ಹ್ರಿಂಚುಕ್ ಎಂಬವರು ಸ್ಥಾವರದಲ್ಲಿ ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಬೆಲ್ಟನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ವಯಸ್ಸು ನಲವತ್ತೇಳು. ಎಲೆಕ್ಟ್ರಿಷಿಯನ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಾರೆ. ಮೂರನೆಯದು ಮಾರ್ಚ್ ಒಂಬತ್ತಕ್ಕೆ. ಪಾಸಾದರೆ ಊರಾಚೆ ಏಳುತ್ತಿರುವ ಗಾಳಿಯಂತ್ರಗಳಲ್ಲಿ ಕೆಲಸವಿದೆ, ಮನೆ ಬಿಡಬೇಕಿಲ್ಲ. ಆಗದಿದ್ದರೆ ಅವರ ತಂಗಿ ಇರುವ ವಿನ್ನಿಪೆಗ್‌ನಲ್ಲಿ ಯಾವುದೋ ಗೋದಾಮು. ಅವರು ಓದುತ್ತಿದ್ದದ್ದು ಪರೀಕ್ಷೆಯ ಹಳೆಯ ಕೈಪಿಡಿಯೊಂದನ್ನು. ಇಲ್ಲೇ ಕೂತು ಓದಬೇಕು, ಮನೆಗೆ ಕೊಡುವುದಿಲ್ಲ ಎಂಬ ಕೆಂಪು ಚೀಟಿ ಅಂಟಿಸಿದ ಪುಸ್ತಕ ಅದು. ಅಚ್ಚು ನಿಂತು ಆರು ವರ್ಷವಾಗಿದೆ. ಇನ್ನೊಂದು ಪ್ರತಿ ಇರುವುದು ಎರಡೂವರೆ ತಾಸಿನ ದಾರಿಯ ರಿಜೈನಾದಲ್ಲಿ. ಹೊಸದು ಬಂದಿದೆಯಲ್ಲ ಎಂದು ತಾವು ಕೇಳಬಹುದು. ಬಂದಿದೆ. ಅದು ಅರ್ಥವಾಗುವವರಿಗೆ ಪರೀಕ್ಷೆಯೇ ಬೇಕಿಲ್ಲವೆಂದು ವೆರ್ಲಾ ಹೇಳುತ್ತಾರೆ.

ಅಕ್ಟೋಬರಿನಿಂದ ವಾರಕ್ಕೆ ನಾಲ್ಕು ಮಧ್ಯಾಹ್ನ, ಪಾಳಿ ಮುಗಿಸಿ, ಬೂಟುಗಳನ್ನು ಬಾಗಿಲಲ್ಲೇ ಬಿಟ್ಟು, ಕಾಲುಚೀಲದಲ್ಲಿ ಸದ್ದಿಲ್ಲದೆ ಬಂದು ಅವರು ಓದುತ್ತಿದ್ದರು. ಮುಗಿದ ಮೇಲೆ ಕುರ್ಚಿಯನ್ನು ಒಳಕ್ಕೆ ತಳ್ಳಿ, ರಬ್ಬರಿನ ಪುಡಿಯನ್ನು ಅಂಗೈಗೆ ಗುಡಿಸಿಕೊಂಡು, ಪುಸ್ತಕವನ್ನು ಕಪಾಟಿನಲ್ಲಿ ಅದರ ಜಾಗದಲ್ಲೇ ಇಡುತ್ತಿದ್ದರು. ಪುಸ್ತಕವನ್ನು ಮರಳಿ ಇಡಬೇಡಿ ಎಂದು ತಾವು ಕಳಿಸಿದ ಫಲಕ ಅವರ ಕಣ್ಣೆದುರೇ ಇತ್ತು. ಅದನ್ನು ಒಮ್ಮೆ ತೋರಿಸಿದ್ದೆ. "ಅದೆಲ್ಲ ಬೇರೆಯೋರಿಗೆ ಬರ್ದಿರೋದು ಬಿಡೋ ಲೈಲ್. ನಾನು ಹರಡಿದ್ದನ್ನ ನೀನು ಎತ್ತಿಡ್ಬೇಕಾ? ನಮ್ಮಮ್ಮ ಗೋರಿಯಿಂದ ಎದ್ದು ಬಂದು ಬೈತಾಳೆ," ಎಂದರು. ಈ ಊರಿನಲ್ಲಿ ಎಲ್ಲರೂ ಹೀಗೆಯೇ. ಊಟಕ್ಕೆ ಕರೆದರೆ ತಟ್ಟೆ ತೊಳೆದಿಟ್ಟೇ ಹೊರಡುತ್ತಾರೆ. ಓದುವವರು ಗುರುತು ಉಳಿಸದೆ ಓದುತ್ತಾರೆ. ಚಿತ್ರ ಜೋಡಣೆಯನ್ನು ಮಾತ್ರ, ಮುಗಿಯುವವರೆಗೆ ಕದಲಿಸಬಾರದೆಂಬ ಒಪ್ಪಂದವಿದೆ.

ಅಕ್ಟೋಬರಿನಲ್ಲಿ ಬಂದ ತಮ್ಮ ನಲವತ್ತಕ್ಕೆ ಕಪಾಟಿನಲ್ಲಿ ಜಾಗ ಮಾಡಲೆಂದು, ಮೂರು ತಿಂಗಳಿಂದ ಯಾರೂ ಮುಟ್ಟದ ನಲವತ್ತರ ಪಟ್ಟಿಯನ್ನು ತಮ್ಮ ಕಂಪ್ಯೂಟರ್ ಜನವರಿಯಲ್ಲಿ ಕಳಿಸಿತು. ಕೈಪಿಡಿ ಅದರಲ್ಲಿ ಹತ್ತೊಂಬತ್ತನೆಯದು. ರದ್ದು ಎಂಬ ಮುದ್ರೆ ಒತ್ತಿ ಪೆಟ್ಟಿಗೆಗೆ ತುಂಬಿದ ಕೈ ನನ್ನದೇ. ಹದಿನೆಂಟನೆಯದರ ನಂತರ ನಾನು ಹೆಸರುಗಳನ್ನು ಓದುತ್ತಿರಲಿಲ್ಲವೋ, ಓದಿಯೂ ಪಟ್ಟಿಯನ್ನೇ ನಂಬಿದೆನೋ, ಈಗ ಹೇಳಲಾರೆ. ಗುರುವಾರ ಪೆಟ್ಟಿಗೆ ಹೋಯಿತು. ಶುಕ್ರವಾರ ಫೋನ್ ಮಾಡಿದಾಗ, ಕಾಗದ ಆಗಲೇ ಮರುಬಳಕೆಗೆ ಹೋಗಿದೆ, ಇದರಲ್ಲಿ ನಮ್ಮ ಕಚೇರಿ ಬಹಳ ಚುರುಕು ಎಂದು ತಮ್ಮವರು ಹೆಮ್ಮೆಯಿಂದ ತಿಳಿಸಿದರು.

ಮಂಗಳವಾರ ವೆರ್ಲಾ ಬಂದು ಕಪಾಟಿನ ಮುಂದೆ ನಿಂತರು. ನಾನು ವಿಷಯ ಹೇಳಿದೆ. "ನಾನು ದಿನಾ ಓದೋದು ನೀನು ನೋಡ್ತಿದ್ದೆ ತಾನೆ?" ಎಂದು ಕೇಳಿದರು. ನೋಡುತ್ತಿದ್ದೆ ಎಂದೆ. "ಮತ್ತೆ ಲೆಕ್ಕಕ್ಕೆ ಬರ್ಲಿಲ್ವಾ?" ಇಲ್ಲ ಎಂದೆ. ಕೈಪಿಡಿಯಿದ್ದ ಜಾಗದಲ್ಲಿ ತಮ್ಮ ಪಟ್ಟಿಯ ಇಪ್ಪತ್ತಮೂರನೆಯ ಪುಸ್ತಕವಿತ್ತು: ಕಲ್ಲಿದ್ದಲು ಬಿಟ್ಟು ಹೊಸ ವೃತ್ತಿ ಕಲಿತವರ ಕುರಿತಾದದ್ದು. ಅದನ್ನು ಅವರು ನಿಂತೇ ಇಪ್ಪತ್ತು ನಿಮಿಷ ಓದಿದರು. ಕಿಟಕಿಯ ಕಡೆಯಿಂದ ಗಾರ್ನೆಟ್, "ಏನಂತಾರೆ ಪಂಡಿತರು?" ಎಂದರು. "ಒಳ್ಳೇ ಸುದ್ದಿ ಕಣಪ್ಪ. ಇದ್ರಲ್ಲಿ ನಾನು ಆಗ್ಲೇ ಪಾಸಾಗ್ಬಿಟ್ಟಿದೀನಿ. ಕೆಲ್ಸಾನೂ ಸಿಕ್ಕಿದೆ, ತುಂಬ ಖುಷಿಯಾಗಿದೀನಂತೆ," ಎಂದು ವೆರ್ಲಾ ಅದನ್ನು ಅದರ ಜಾಗದಲ್ಲೇ ಇಟ್ಟರು. ಹೀಗಾಗಿ ಆ ಪುಸ್ತಕವನ್ನು ಈ ಊರಿನಲ್ಲಿ ಯಾರೂ ಓದಿಲ್ಲ.

ಆದ್ದರಿಂದ ನನ್ನ ಕೆಲವು ವಿನಂತಿಗಳು. ನಮ್ಮ ಓದುಗರಿಗೆ ಅಶಿಸ್ತಿನ ತರಬೇತಿ ಕೊಡಲು ಅನುಭವಿಗಳೊಬ್ಬರನ್ನು ಕಳಿಸಿಕೊಡಿ. ಅವರು ಬರುವುದು ತಡವಾದರೆ ವೆರ್ಲಾ ಅವರನ್ನೇ ಒಂದು ಪುಸ್ತಕವೆಂದು ನೋಂದಾಯಿಸಲು ಅನುಮತಿ ಕೊಡಿ; ಅವರು ಮೇಜಿನ ಬಳಿ ಕೂತಾಗ ಯಂತ್ರ ಹಿಡಿದು ಕೀಚ್ ಎನ್ನಿಸುತ್ತೇನೆ. ಅದೂ ಆಗದಿದ್ದರೆ ಪರೀಕ್ಷಾ ಮಂಡಳಿಗೆ ಬರೆದು, ಮಾರ್ಚ್ ಒಂಬತ್ತರ ಪ್ರಶ್ನೆಗಳನ್ನು ತಮ್ಮ ನಲವತ್ತು ಪುಸ್ತಕಗಳಿಂದಲೇ ತೆಗೆಯುವಂತೆ ಹೇಳಿ: ಭೂಮಿಯ ಬಗ್ಗೆ ಅಭ್ಯರ್ಥಿಗೆ ಏನನ್ನಿಸುತ್ತದೆ, ಮುಂದಿನ ಪೀಳಿಗೆಗೆ ಒಂದು ಪುಟದ ಸಂದೇಶವೇನು, ಇತ್ಯಾದಿ. ತಂತಿಯ ದಪ್ಪ, ಭೂಸಂಪರ್ಕ ಮುಂತಾದ ಸಣ್ಣ ಸಂಗತಿಗಳನ್ನು ಆಮೇಲೆ ನೋಡಿಕೊಳ್ಳಬಹುದು. ತಮ್ಮ ಪತ್ರದಲ್ಲಿ ನಮಗೆ ಕೊಡುವುದಾಗಿ ಹೇಳಿದ ಅಭಿನಂದನಾ ಫಲಕವನ್ನು ಗಾರ್ನೆಟ್ ಅವರ ಹೆಸರಿಗೆ ಕಳಿಸಿದರೆ ಸಾಕು.

ಅಂದಿನಿಂದ ವೆರ್ಲಾ ಬಂದಿಲ್ಲ. ಬಾಗಿಲ ಬಳಿ ಬೂಟಿನ ಜಾಗ ಒಣಗಿದೆ. ಗ್ರಂಥಾಲಯದ ವರದಿಯ ಪ್ರಕಾರ ಇದರಿಂದ ಓದುಗರ ಸಂಖ್ಯೆಯಲ್ಲಿ ಯಾವ ಇಳಿಕೆಯೂ ಆಗಿಲ್ಲ.

ಲೆಕ್ಕ ಒಪ್ಪಿಸುವ ಕೆಲಸದಲ್ಲಿ ಸದಾ
ತಮ್ಮ ವಿಶ್ವಾಸಿ,
ಲೈಲ್ ಟೊರ್ಗರ್ಸನ್
ಲಾರ್ಕ್‌ಹಿಲ್ ಶಾಖೆ, ಸಸ್ಕಾಚೆವಾನ್

ತಾ.ಕ.: ತಮ್ಮ ಕೇಂದ್ರ ಕಚೇರಿಯ ಮಾಳಿಗೆಗೆ ನವೆಂಬರಿನಲ್ಲೇ ಏರಿಸಿದ ಸೌರಫಲಕಗಳು, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಸಿಗದೆ ಇನ್ನೂ ಹಿಮ ಹೊತ್ತು ಸುಮ್ಮನೆ ಮಲಗಿವೆಯೆಂದು ತಮ್ಮ ಸುತ್ತೋಲೆಯ ಕೊನೆಯಲ್ಲಿ ಓದಿದೆ. ಮಾನ್ಯ ಅಧ್ಯಕ್ಷರೇ, ಅವಕ್ಕೆ ತಂತಿ ಜೋಡಿಸಲು ಬರುವವರು ಯಾವ ಪುಸ್ತಕ ಓದಿರಬೇಕೆಂದು ತಾವು ಶಿಫಾರಸು ಮಾಡುತ್ತೀರಿ?