ಪುಟ್ಟಿಯ ರಾಗಿಸರಿ, ಅಪ್ಪನ ಹೊಟ್ಟೆ

ಕೆಲವರ ಜಾತಕದಲ್ಲಿ ರಾಜಯೋಗ ಇರುತ್ತದಂತೆ. ನನ್ನದರಲ್ಲಿ ನಗೆಪಾಟಲಾಗುವ ಯೋಗ ಇದೆ. ಅದಕ್ಕೆ ನಾನೇನೂ ಕಷ್ಟಪಡಬೇಕಾಗಿಲ್ಲ, ಸುಮ್ಮನೆ ಮನೆಯಲ್ಲಿ ಕೂತರೂ ಹುಡುಕಿಕೊಂಡು ಬರುತ್ತದೆ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ, ಭದ್ರಾವತಿಯ ಕ್ವಾರ್ಟರ್ಸಿನಲ್ಲಿದ್ದಾಗ, ನಮ್ಮ ಪುಟ್ಟಿಗೆ ಉಣ್ಣುವುದು ಕಲಿಸಲು ಹೊರಟ ಒಂದೇ ತಿಂಗಳಲ್ಲಿ ಎಷ್ಟು ಸಲ ಬಂತು ಅಂತ ಹೇಳಲಿ.

ನಾನು ಅಲ್ಲಿನ ಕಬ್ಬಿಣದ ಕಾರ್ಖಾನೆಯ ಲ್ಯಾಬೋರೇಟರಿಯಲ್ಲಿ ಅದಿರು ಪರೀಕ್ಷೆ ಮಾಡುವವನು. ಹೆಂಡತಿ ಪ್ರೈಮರಿ ಸ್ಕೂಲಿನ ಟೀಚರು. ಬಾಣಂತನದ ರಜೆಗೆ ಸಿಕ್ಕಿದ ರಜೆಗಳನ್ನೆಲ್ಲ ಅಂಟಿಸಿಕೊಂಡು ಪುಟ್ಟಿಗೆ ಆರು ತಿಂಗಳಾಗುವವರೆಗೆ ಎಳೆದಿದ್ದಳು. ಇನ್ನುಳಿದದ್ದು ಒಂದು ತಿಂಗಳು.

"ಅಷ್ಟರೊಳಗೆ ಇವಳು ನಿಮ್ಮ ಕೈಲಿ ರಾಗಿಸರಿ ಉಂಡರೆ ನಾನು ಸ್ಕೂಲಿಗೆ ಹೋಗ್ತೀನಿ. ಇಲ್ಲದಿದ್ದರೆ ರಾಜೀನಾಮೆ ಬರೆದುಕೊಡ್ತೀನಿ ಕಣ್ರೀ" ಅಂದಳು. ಹಾಗನ್ನುವಾಗ ಅವಳ ಕಣ್ಣಲ್ಲಿ ನೀರಿತ್ತು. ಪಾಠ ಹೇಳುವುದೆಂದರೆ ಅವಳಿಗೆ ಪ್ರಾಣ. ನನಗೂ ಸಂಕಟವಾಯಿತು. ಅವಳದು ಬೆಳಗಿನ ಸ್ಕೂಲು, ಹಾಗಾಗಿ ನಾನು ಸಾಹೇಬರನ್ನು ಕಾಡಿ ಬೇಡಿ ಎರಡನೇ ಪಾಳಿ ಹಾಕಿಸಿಕೊಂಡೆ. ದಿನಾ ಕುಲುಮೆ ನೋಡುವವನಿಗೆ ಒಂದು ಬಟ್ಟಲು ರಾಗಿಸರಿ ಯಾವ ಲೆಕ್ಕ ಅಂತ ಕೊಚ್ಚಿಕೊಂಡೆ ಬೇರೆ.

ನಮ್ಮತ್ತೆಯ ವಿಷಯ ಮೊದಲೇ ಹೇಳಿಬಿಡಬೇಕು. ಅವರ ಮನೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ. ಹಳೇ ಕಾಲದವರು, ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಬಾಗಿಲ ಹಿಂದೆ ನಿಂತು ಗೋಡೆಗೋ ಮಗುವಿಗೋ ಹೇಳುತ್ತಿದ್ದರು, ನಾನು ಕೇಳಿಸಿಕೊಳ್ಳಬೇಕು. ಮದುವೆಯಾಗಿ ಮೂರು ವರ್ಷವಾದರೂ ನನ್ನೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ.

ಮೊದಲನೇ ಪಾಕ

ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟನ್ನು ಅತ್ತೆಯೇ ರೈಲಿನಲ್ಲಿ ತಂದುಕೊಟ್ಟರು. ಅಡುಗೆಮನೆ ಬಾಗಿಲ ಹಿಂದಿನಿಂದ, "ಪುಟ್ಟೀ, ಹಿಟ್ಟನ್ನ ತಣ್ಣೀರಲ್ಲಿ ಕದಡಿಕೊಂಡು ಆಮೇಲೆ ಒಲೆ ಮೇಲಿಡಬೇಕು ಅಂತ ನಿಮ್ಮಪ್ಪನಿಗೆ ಹೇಳು" ಅಂದರು. ಪುಟ್ಟಿ ಹೇಳಲಿಲ್ಲ.

ನನಗೇನೋ ಕೇಳಿಸಿತ್ತು. ಆದರೆ ಲ್ಯಾಬೋರೇಟರಿಯವನ ಜಂಬ ಬಿಡಬೇಕಲ್ಲ. ಅತ್ತೆ ಊರಿಗೆ ಹೋದ ಮೇಲೆ ಹಿಟ್ಟು ತೂಗಿದೆ, ನೀರು ಅಳೆದೆ, ನೀರು ಕೊತಕೊತ ಕುದಿಯುವಾಗ ಹಿಟ್ಟನ್ನು ಒಂದೇ ಸಲ ಸುರಿದೆ. ಮೊದಲು ಗಂಟಾಯಿತು. ಗಂಟು ಒಡೆಯಲು ಇನ್ನಷ್ಟು ಹೊತ್ತು ಬೇಯಿಸಿದೆ. ಕೊನೆಗೆ ಬಟ್ಟಲನ್ನು ಬೋರಲು ಹಾಕಿದರೂ ಒಳಗಿನದು ಬೀಳಲಿಲ್ಲ.

ಪಕ್ಕದ ಮನೆಯ ತಮಿಳಿನ ಅಮ್ಮ ಹಿತ್ತಲಿನಿಂದ ಇಣುಕಿ ನೋಡಿದರು. "ಮಗುಗೆ ಹಲ್ಲು ಬಂತಾ ಸಾರ್?" ಅಂದರು.

"ಇನ್ನೂ ಇಲ್ಲಮ್ಮ."

"ಬರಲಿ ಸಾರ್. ಎಲ್ಲಾ ಹಲ್ಲೂ ಬರಲಿ, ಆಮೇಲೆ ಇದು ಕೊಡಿ."

ಆವತ್ತು ಮಧ್ಯಾಹ್ನ ಸೊಪ್ಪಿನ ಸಾರು ಹಾಕಿಕೊಂಡು ಅದನ್ನು ನಾನೇ ನುಂಗಿದೆ. ಮುದ್ದೆ ಅಂತ ತಿಳಿದುಕೊಂಡರೆ ಏನೂ ತಪ್ಪಿರಲಿಲ್ಲ.

ಆನೆಯ ಜಾಗಕ್ಕೆ ನಾನು

ಪಾಕ ಹದಕ್ಕೆ ಬಂತು, ಪುಟ್ಟಿ ಬರಲಿಲ್ಲ. ಚಮಚ ಕಂಡರೆ ತುಟಿ ಬಿಗಿಹಿಡಿಯುತ್ತಿದ್ದಳು. ಬಲವಂತ ಮಾಡಿದರೆ ನನ್ನ ಮುಖಕ್ಕೇ ಉಗಿಯುತ್ತಿದ್ದಳು.

ಒಂದು ಭಾನುವಾರ ಅತ್ತೆ ಮನೆಗೆ ಹೋದವರು ಹಾಗೇ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದೆವು. ಮಾವುತ ಮುದ್ದೆ ಕಟ್ಟಿ ಆನೆಯ ಬಾಯಿಗೆ ಇಡುತ್ತಿದ್ದ. ಆನೆ ಬಾಯಿ ತೆರೆದದ್ದು ನೋಡಿ, ನನ್ನ ಕಂಕುಳಲ್ಲಿದ್ದ ಪುಟ್ಟಿಯೂ ಬಾಯಿ ತೆರೆದಳು. ಹೆಂಡತಿ ಚೀಲದಲ್ಲಿದ್ದ ರಾಗಿಸರಿಯನ್ನು ತೆಗೆದು ಒಂದು ಚಮಚ ಇಟ್ಟೇಬಿಟ್ಟಳು. ಪುಟ್ಟಿ ನುಂಗಿದಳು. ಮತ್ತೆ ಆನೆ, ಮತ್ತೆ ಪುಟ್ಟಿ. ಹೀಗೆ ನಾಲ್ಕು ಚಮಚ ಒಳಗೆ ಹೋಯಿತು. ನಾವಿಬ್ಬರೂ ಕುಣಿಯುವುದೊಂದು ಬಾಕಿ.

"ಎದುರಿಗೆ ಯಾರಾದರೂ ಬಾಯಿ ತುಂಬಾ ತಿಂದರೆ ಇವಳೂ ತಿಂತಾಳೆ ಕಣ್ರೀ" ಅಂದಳು ಹೆಂಡತಿ. "ಆದರೆ ಮನೇಲಿ ಆನೆ ಎಲ್ಲಿಂದ ತರೋದು?"

ಹಾಗಂದು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

ತಕ್ಕಡಿ ಹೇಳಿದ್ದು

ಮಾರನೇ ದಿನದಿಂದ ಅಪ್ಪನಿಗೊಂದು ಚಮಚ, ಮಗಳಿಗೊಂದು ಚಮಚ. ಶುರುವಿನಲ್ಲಿ ನ್ಯಾಯವಾಗಿಯೇ ನಡೆಯಿತು. ಆಮೇಲೆ ಪುಟ್ಟಿ, ನಾನು ಎರಡು ತಿಂದರೆ ಒಂದು, ಮೂರು ತಿಂದರೆ ಒಂದು ಅನ್ನುವ ಲೆಕ್ಕಕ್ಕೆ ಬಂದಳು. ತುಪ್ಪ, ಬೆಲ್ಲ ಹಾಕಿದ ಬಿಸಿ ರಾಗಿಸರಿ, ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿರುತ್ತಿತ್ತು.

ಮೂರು ವಾರ ಕಳೆದ ಮೇಲೆ ದವಾಖಾನೆಯಲ್ಲಿ ಪುಟ್ಟಿಯನ್ನು ತೂಗಿಸಿದೆ. ಕಾಂಪೌಂಡರು ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ತೂಕ ಅಷ್ಟಕ್ಕಷ್ಟೇ ಇದೆಯಲ್ಲ ಮಾರಾಯ್ರೆ. ಏನಾದ್ರೂ ಉಣಿಸ್ತೀರೋ ಇಲ್ವೋ?"

"ದಿನಕ್ಕೆ ಎರಡು ಬಟ್ಟಲು ರಾಗಿಸರಿ ಖಾಲಿ ಆಗ್ತಿದೆ" ಅಂದೆ.

ಅವರು ನನ್ನ ಅಂಗಿಯ ಗುಂಡಿಗಳ ಕಡೆ ನೋಡಿದರು. "ಖಾಲಿ ಆಗ್ತಿರೋದು ನಿಜ ಬಿಡಿ" ಅಂದರು.

ಸೋಮವಾರ ಬೆಳಗ್ಗೆ

ರಜೆ ಮುಗಿದ ಸೋಮವಾರ ಬಂದೇಬಿಟ್ಟಿತು. ಅತ್ತೆ ಹಿಂದಿನ ದಿನವೇ ಬಂದಿದ್ದರು, ಇನ್ನು ಕೆಲವು ದಿನ ನಮ್ಮಲ್ಲೇ ಇರುವವರು. ಹೆಂಡತಿ ಸೀರೆಯುಟ್ಟು, ಛತ್ರಿ ಹಿಡಿದು, ಹೊಸಿಲ ಹತ್ತಿರ ನಿಂತಿದ್ದಳು. ಚೀಲದಲ್ಲಿ ರಾಜೀನಾಮೆ ಪತ್ರ ಇತ್ತು. ಪುಟ್ಟಿ ಉಂಡರೆ ಪತ್ರ ಒಲೆಗೆ, ಇಲ್ಲದಿದ್ದರೆ ಹೆಡ್‌ಮಾಸ್ಟರ ಕೈಗೆ.

ನಾನು ಬಟ್ಟಲು ಹಿಡಿದು ಕೂತು, ಒಂದು ಚಮಚ ತಿಂದು ತೋರಿಸಿದೆ. ಪುಟ್ಟಿ ಕೇಕೆ ಹಾಕಿದಳು, ಚಮಚ ಕಿತ್ತುಕೊಂಡಳು, ತಾನೇ ಬಟ್ಟಲಿಗೆ ಅದ್ದಿ ನನ್ನ ಬಾಯಿಗೆ ತುರುಕಿದಳು. ಇನ್ನೊಂದು, ಮತ್ತೊಂದು. ತನ್ನ ತುಟಿ ಮಾತ್ರ ಬಿಚ್ಚಲಿಲ್ಲ. ಒಂದು ತಿಂಗಳಲ್ಲಿ ಅವಳು ಕಲಿತದ್ದು ಒಂದೇ, ಅಪ್ಪನಿಗೆ ಉಣಿಸುವುದು.

ಹೆಂಡತಿ ಹತ್ತಿರ ಬಂದರೆ ಪುಟ್ಟಿಗೆ ಹಾಲಿನ ನೆನಪಾಗುತ್ತಿತ್ತು. ಬರುವ ಹಾಗಿಲ್ಲ. ನಾನು ಚಮಚ ಹಿಡಿದರೆ ಪುಟ್ಟಿ ಕಿತ್ತುಕೊಳ್ಳುತ್ತಿದ್ದಳು. ನಾನು ಹಿಡಿಯುವ ಹಾಗಿಲ್ಲ. ಹೊಸಿಲಲ್ಲಿ ನಿಂತವಳು ಮೆಲ್ಲಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗಲಿ ಬಿಡಿ, ಪತ್ರ ಕೊಟ್ಟು ಬರ್ತೀನಿ" ಅಂದಳು.

ಆಗ ಅಡುಗೆಮನೆ ಬಾಗಿಲು ಕಿರ್ ಅಂದಿತು. ಅತ್ತೆ ಹೊರಗೆ ಬಂದರು. ತಲೆ ತುಂಬಾ ಸೆರಗು ಹೊದ್ದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ನನ್ನ ಎದುರಿಗೇ ಕೂತರು. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಟ್ಟಲು ಎಳೆದುಕೊಂಡು, ಚಮಚ ತುಂಬಿ ನನ್ನ ಕಡೆ ಚಾಚಿದರು. ಮೂರು ವರ್ಷಕ್ಕೆ ಮೊದಲನೇ ಸಲ ನನಗೇ ಹೇಳಿದರು.

"ಬಾಯಿ ತೆಗೀರಿ."

ನಾನು ತೆಗೆದೆ. ನನ್ನನ್ನೇ ನೋಡುತ್ತಿದ್ದ ಪುಟ್ಟಿಯೂ ತೆಗೆದಳು. ಎರಡನೇ ಚಮಚ ಅವಳ ಬಾಯಿಗೆ ಹೋಯಿತು, ನುಂಗಿದಳು, ಇನ್ನೂ ಬೇಕು ಅಂತ ಬಾಯಿ ಮುಂದೆ ತಂದಳು. ಹೆಂಡತಿ ಪತ್ರವನ್ನು ಒಲೆಗೆ ಹಾಕಿ, ಛತ್ರಿ ಹಿಡಿದು, ಹಿಂದಿರುಗಿ ನೋಡದೆ ಸ್ಕೂಲಿಗೆ ಓಡಿದಳು.

ನಾನು ಸಂತೋಷದಲ್ಲಿ ಹಾಗೇ ಬಾಯಿ ತೆರೆದುಕೊಂಡು ಕೂತಿದ್ದೆ. ಅತ್ತೆ ಎರಡನೇ ಮಾತನ್ನೂ ನೇರವಾಗಿಯೇ ಆಡಿದರು.

"ಸಾಕು, ಮುಚ್ಚಿ. ಮಗುವಿಗೂ ಸ್ವಲ್ಪ ಉಳೀಲಿ."