ಬೈಕಿಗೆ ಬದಲು ಮಂಚ

"ಅಕ್ಕ ಬರ್ತಿದ್ದಾಳೆ. ಇವತ್ತೇ, ರಾತ್ರಿ ರೈಲಿಗೆ" ಎಂದು ಹೆಂಡತಿ ಫೋನಿಟ್ಟು ಹೇಳಿದಾಗ ಹಲ್ಲು ಡಾಕ್ಟರು ನಡುಮನೆಯಲ್ಲಿ ಬೋರಲಾಗಿ ಮಲಗಿ, ಹುಳುಕು ಹಲ್ಲು ಕೆದಕುವ ಸೂಜಿಯಿಂದ ಕಾರ್ಬುರೇಟರಿನ ತೂತು ಕೆದಕುತ್ತಿದ್ದರು.

"ಬರ್ಲಿ, ಸಂತೋಷ."

"ಮಲಗೋದೆಲ್ಲಿ? ಇದರ ಮೇಲಾ?"

'ಇದು' ಎಂದರೆ ಡಾಕ್ಟರು ಹುಟ್ಟುವ ಮೊದಲೇ ಜಪಾನಿನಲ್ಲಿ ಹುಟ್ಟಿದ ಬೈಕು. ತುಕ್ಕಿನ ಗುಡ್ಡೆಯಾಗಿ ಮನೆ ಹೊಕ್ಕಿದ್ದು ಈಗ ಟ್ಯಾಂಕಿಗೆ ನೀಲಿ ಬಣ್ಣ, ಸೈಲೆನ್ಸರಿಗೆ ಕನ್ನಡಿ ಹೊಳಪು ಪಡೆದು ಮದುಮಗನಂತೆ ನಿಂತಿತ್ತು. ಒಂದೇ ಕೊರತೆ. ಸ್ಟಾರ್ಟ್ ಆಗುತ್ತಿರಲಿಲ್ಲ.

"ಗುಜರಿಯವನಿಗೂ ಫೋನ್ ಮಾಡಿಯಾಯ್ತು. ಆರಕ್ಕೆ ಬರ್ತಾನೆ. ಇದನ್ನ ತಗೊಂಡು ಕಬ್ಬಿಣದ ಮಂಚ ಕೊಡ್ತಾನಂತೆ."

ಡಾಕ್ಟರು ದಡಕ್ಕನೆ ಎದ್ದು ಕೂತರು. "ಆರರೊಳಗೆ ಸ್ಟಾರ್ಟ್ ಆದ್ರೆ?"

"ಆದ್ರೆ ಇಟ್ಕೊಳ್ಳಿ. ಅಕ್ಕನಿಗೆ ನನ್ನ ಹಾಸಿಗೆ ಬಿಟ್ಟು ನಾನು ನೆಲದ ಮೇಲೆ ಮಲಗ್ತೀನಿ. ಆಗದಿದ್ರೆ?"

"ಆಗದಿದ್ರೆ ತುಟಿ ಪಿಟಕ್ಕನ್ನದೆ ಕೊಟ್ಬಿಡ್ತೀನಿ" ಎಂದರು ಡಾಕ್ಟರು, ಹಲ್ಲು ಕೀಳಿಸಿಕೊಳ್ಳಲು ಬಂದವನ ದನಿಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಕಾರ್ಬುರೇಟರು ಜೋಡಿಸಿ, ಬೈಕನ್ನು ಅಂಗಳಕ್ಕೆ ತಂದು ಕಿಕ್ ಹೊಡೆದರು. ಬೈಕು ಕೆಮ್ಮಿತು. ಮತ್ತೆ ಹೊಡೆದರು. ಕೆಮ್ಮೂ ನಿಂತಿತು.

ಕಿಕ್ಕಿನ ಸದ್ದಿಗೆ ಮಹಡಿಯ ರಿಟೈರ್ಡ್ ಲೈನ್‌ಮನ್ ಇಳಿದು ಬಂದರು. ನಾಲ್ಕು ಬಾರಿ ಬೈಕನ್ನು ಸುತ್ತಿ, "ಕರೆಂಟೇ ಬರ್ತಿಲ್ಲ ಡಾಕ್ಟ್ರೇ. ಆ ಪ್ಲಗ್ ಬಿಚ್ಚಿ ಕೈಲಿ ಹಿಡ್ಕೊಳ್ಳಿ. ನಾನು ಕಿಕ್ ಹೊಡೀತೀನಿ, ಕಿಡಿ ಬರುತ್ತಾ ನೋಡಿ" ಎಂದರು.

"ಶಾಕ್ ಹೊಡೆಯಲ್ವಾ?"

"ನನ್ನ ಸರ್ವೀಸಿನಲ್ಲಿ ಇಂಥದ್ದೆಷ್ಟು ನೋಡಿಲ್ಲ!"

ಕಿಕ್ ಬಿತ್ತು. ಡಾಕ್ಟರು ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದು ಹೂಕುಂಡದ ಪಕ್ಕ ಹೋಗಿ ಬಿದ್ದರು. ಊರವರ ಹಲ್ಲೆಲ್ಲ ನೋಡಿಕೊಳ್ಳುವ ಅವರ ಸ್ವಂತ ಹಲ್ಲುಗಳು ಕಟಕಟ ಕಡಿದವು.

"ಕರೆಂಟ್ ಇದೆ" ಎಂದರು ಲೈನ್‌ಮನ್ ತೃಪ್ತಿಯಿಂದ.

ಪ್ಲಗ್ ಮತ್ತೆ ಸ್ವಸ್ಥಾನ ಸೇರುವಷ್ಟರಲ್ಲಿ ಐದು ದಾಟಿತ್ತು. ಬೀದಿಯಲ್ಲಿ ಯಾವ ಚಕ್ರ ಕಿರ್ರೆಂದರೂ ಗುಜರಿಯವನೇ ಬಂದನೆಂದು ಡಾಕ್ಟರು ಬೆಚ್ಚುತ್ತಿದ್ದರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಗಳಿಗೆಗೊಮ್ಮೆ ಒಳಗಿನ ಗಡಿಯಾರದತ್ತ ತಿರುಗುತ್ತಿದ್ದಳು.

ಆಗ ಎದುರು ಮನೆಯ ಜಿಮ್ ಮೇಷ್ಟ್ರು ತೋಳು ಕುಣಿಸುತ್ತ ಬಂದರು. "ಕಿಕ್ಕಿಗೆ ಜೋರು ಸಾಲದು. ಪಕ್ಕಕ್ಕೆ ಸರೀರಿ ಡಾಕ್ಟ್ರೇ."

"ಮೆಲ್ಲಗೆ ಮಾರಾಯ್ರೇ! ಆ ಕಿಕ್ಕರು ಈಗ ಎಲ್ಲೂ ಸಿಗಲ್ಲ!"

ಜಿಮ್ ಮೇಷ್ಟ್ರು ಹಾರಿ ಮೈಯ ಭಾರವನ್ನೆಲ್ಲ ಒಂದೇ ಕಾಲಿಗೆ ಬಿಟ್ಟರು. ಲಟಕ್ ಎಂದಿತು. ಕಿಕ್ಕರು ತುಂಡಾಗಿ ಲೈನ್‌ಮನ್ನರ ಕಿವಿ ಸವರಿಕೊಂಡು ಬೇಲಿಯಾಚೆ ಹಾರಿತು.

"ಹಳೇ ಮಾಲು" ಎಂದರು ಜಿಮ್ ಮೇಷ್ಟ್ರು, ತಮಗೇ ನೋವಾದವರಂತೆ.

ಆರಕ್ಕೆ ಸರಿಯಾಗಿ ಬೇಲಿಯಾಚೆಯಿಂದ ಆ ತುಂಡನ್ನು ಹಿಡಿದು ನಗುತ್ತ ಒಳಗೆ ಬಂದವನು ಗುಜರಿಯವನು!

"ಇದೂ ಈ ಗಾಡೀದೇನಾ ಸಾರ್?"

ಹೆಂಡತಿ ಗಂಡನ ಮುಖ ನೋಡಿದಳು. ಡಾಕ್ಟರು ಕೊಟ್ಟ ಮಾತಿನಂತೆ ತುಟಿ ಪಿಟಕ್ಕನ್ನಲಿಲ್ಲ. ಮಂಚ ಕಿರುಗುಡುತ್ತ ನಡುಮನೆ ಸೇರಿತು.

ಗುಜರಿಯವನ ತಳ್ಳುಗಾಡಿ ಆಗಲೇ ಹಳೆಯ ಫ್ರಿಜ್ಜು, ಕಿಟಕಿ ಸರಳುಗಳಿಂದ ತುಂಬಿತ್ತು. "ಅಂಗಡಿ ಇಳಿಜಾರಿನ ಬುಡದಲ್ಲೇ ಇದೆ. ಬೈಕ್ ಮೇಲೆ ಕೂತು ಜಾರ್ಕೊಂಡು ಹೋಗ್ತೀನಿ, ತಳ್ಳುಗಾಡಿಗೆ ಆಮೇಲೆ ಬರ್ತೀನಿ. ಸ್ವಲ್ಪ ತಳ್ಳಿ ಸಾರ್."

ಡಾಕ್ಟರು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಸೀಟು ಸವರಿ, ಕಣ್ಣು ಒರೆಸಿಕೊಂಡು ತಳ್ಳಿದರು. ಬೈಕಿನ ಕೀಲಿ ಆನ್ ಆಗಿಯೇ ಉಳಿದಿತ್ತು. ಇಳಿಜಾರಿನಲ್ಲಿ ಬೈಕು ಓಟ ಕಿತ್ತಿತು. ವೇಗಕ್ಕೆ ಹೆದರಿದ ಗುಜರಿಯವನು ಓಟ ತಗ್ಗಲೆಂದು ಗೇರಿಗೆ ಹಾಕಿದ. ಬೈಕು ಮುಗ್ಗರಿಸಿತು, ಒಮ್ಮೆ ಸೀನಿತು, ಆಮೇಲೆ ಇಡೀ ಬೀದಿಯ ಕಿಟಕಿ ನಡುಗುವಂತೆ ಗುಡುಗಿತು.

"ಸ್ಟಾರ್ಟ್ ಆಯ್ತು!" ಡಾಕ್ಟರು ಮಗುವಿನಂತೆ ಕುಣಿದರು. "ಸ್ಟಾರ್ಟ್ ಆಯ್ತು ಕಣೇ!"

ಲೈನ್‌ಮನ್ ಚಪ್ಪಾಳೆ ತಟ್ಟಿದರು. ಜಿಮ್ ಮೇಷ್ಟ್ರು ಡಾಕ್ಟರನ್ನು ಎತ್ತಿ ತಿರುಗಿಸಿದರು. ಹೆಂಡತಿಗೂ ಮನಸ್ಸು ಕರಗಿತು. "ಹೋಗ್ಲಿ, ಇಟ್ಕೊಳ್ಳಿ ರೀ" ಎಂದಳು.

ಆಗ ಎಲ್ಲರೂ ಬೀದಿಯತ್ತ ನೋಡಿದರು. ತಿರುವಿನಲ್ಲಿ ಬರೀ ನೀಲಿ ಹೊಗೆ.

ಡಾಕ್ಟರು ಚಪ್ಪಲಿಯಿಲ್ಲದೆ ಓಡಿದರು. ಅವರು ತಿರುವು ಮುಟ್ಟುವುದಕ್ಕೂ ಬೈಕು ಗುಡುಗುಡು ಎಂದು ಇಳಿಜಾರು ಹತ್ತಿ ವಾಪಸು ಬರುವುದಕ್ಕೂ ಸರಿಹೋಯಿತು. ಅವರೆದುರು ಬಂದು ನಿಂತದ್ದೇ, ಪುಸಕ್ಕೆಂದು ಆರಿಹೋಯಿತು.

"ಬಂದ್ಯಾ! ಪುಣ್ಯಾತ್ಮ!" ಡಾಕ್ಟರು ಏದುಸಿರು ಬಿಡುತ್ತ ಹ್ಯಾಂಡಲ್ ಹಿಡಿದುಕೊಂಡರು. "ಮಂಚ ವಾಪಸ್ ತಗೋ. ಬೇಕಾದ್ರೆ ನನ್ನ ಮಂಚವನ್ನೂ ತಗೋ."

"ಮಂಚ ಯಾರಿಗೆ ಬೇಕು ಸಾರ್?" ಗುಜರಿಯವನು ಟ್ಯಾಂಕನ್ನು ಮುದ್ದಿನಿಂದ ತಟ್ಟಿದ. "ಎಂಥಾ ಗಾಡಿ! ಇದನ್ನ ಒಡೀತಾರಾ? ನಾನೇ ಓಡಿಸ್ತೀನಿ. ನಿಮಗೆ ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ."

ಗುಜರಿಯವನು ಬೈಕನ್ನು ಇಳಿಜಾರಿನತ್ತ ತಿರುಗಿಸಿ, ಸಂಕೋಚದಿಂದ ಹಿಂದೆ ನೋಡಿದ.

"ಕಿಕ್ಕರ್ ಬೇರೆ ಇಲ್ಲ ಸಾರ್. ಇನ್ನೊಂದ್ಸಲ ತಳ್ತೀರಾ?"