ಮಾವನ ಗೋಬರ್ ಗ್ಯಾಸು

ನಮ್ಮ ಸೋದರಮಾವ ಮನೆಗೆ ಬಂದ ನೆಂಟರ ಮುಖ ನೋಡುತ್ತಿರಲಿಲ್ಲ, ಹೊಟ್ಟೆ ನೋಡುತ್ತಿದ್ದರು. ಗುಡಾಣದಂಥ ಹೊಟ್ಟೆಯವರು ಯಾರಾದರೂ ಬಾಗಿಲಲ್ಲಿ ಕಂಡರೋ, ಮಾವನ ಮುಖ ಊರಗಲ! "ಬನ್ನಿ ಬನ್ನಿ, ಇದ್ದು ಓಗೀರಂತೆ, ಏನವಸರ?" ಎಂದು ಅವರ ಕೈಚೀಲ ಕಿತ್ತುಕೊಂಡು ಒಳಗಿಡುತ್ತಿದ್ದರು. ಮುದ್ದೆಯ ಮೇಲೆ ಮುದ್ದೆ ಹಾಕಿಸುತ್ತಿದ್ದರು. ಇಂಥ ಸತ್ಕಾರ ನಾಲ್ಕು ತಾಲ್ಲೂಕಲ್ಲಿ ಎಲ್ಲೂ ಇಲ್ಲವೆಂದು ನೆಂಟರು ಕರಗಿಹೋಗುತ್ತಿದ್ದರು. ಪಾಪ, ಅವರಿಗೇನು ಗೊತ್ತು? ಮಾವನ ಕಣ್ಣಿಗೆ ಅವರು ನೆಂಟರೇ ಅಲ್ಲ. ನಡೆದಾಡುವ ಕಾರ್ಖಾನೆಗಳು!

ಬಿಡಿಸಿ ಹೇಳುತ್ತೇನೆ. ಪಾಂಡವಪುರದಲ್ಲಿ ಮಾವನದು ಕುಲುಮೆ. ತಾತನ ಕಾಲದಲ್ಲಿ ಅಲ್ಲಿ ನೇಗಿಲಿನ ಕುಡ, ಕುಡುಗೋಲು ತಯಾರಾಗುತ್ತಿದ್ದವು. ಮಾವನ ಕಾಲಕ್ಕೆ ವೆಲ್ಡಿಂಗು ಬಂದು ಗೇಟು, ಕಿಟಕಿಗಳೂ ಸೇರಿಕೊಂಡಿದ್ದವು. ತೊಂಬತ್ತರ ದಶಕದ ಮಾತು. ನಾನು ನಾಗಮಂಗಲದ ಕಡೆಯ ನಮ್ಮ ಹಳ್ಳಿಯಿಂದ ಬಂದು ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಒಂದು ದಿನ ಊರಿಗೆ ಬಂದ ಯಾರೋ ಸಾಹೇಬರು, ಮರ ಕಡಿದು ಸುಟ್ಟೂ ಸುಟ್ಟೂ ಭೂಮಿ ಬಿಸಿಯಾಗುತ್ತಿದೆ ಎಂದು ಭಾಷಣ ಮಾಡಿದರು. ಕೇಳಿದವರೆಲ್ಲ ಕೊಟ್ಟ ಬೋಂಡ ತಿಂದು ಕೈ ಒರೆಸಿಕೊಂಡು ಮನೆಗೆ ಹೋದರು. ಮಾವ ಒಬ್ಬರು ಮಾತ್ರ ಅಪರಾಧಿಯ ಹಾಗೆ ತಲೆ ತಗ್ಗಿಸಿಕೊಂಡು ಬಂದರು.

"ತಪ್ಪೆಲ್ಲ ನಮ್ದೇ ಕಣಮ್ಮಿ," ಎಂದರು ಅತ್ತೆಗೆ. "ನಮ್ಮ ತಾತ ತಿದಿ ಒತ್ತುದ, ನಮ್ಮಪ್ಪ ಒತ್ತುದ, ನಾನೂ ಒತ್ತುದೆ. ಮೂರು ತಲೆಮಾರು ಬೆಂಕಿ ಆಕುದ್ರೆ ಭೂಮಿ ಕಾಯದೆ ಇನ್ನೇನಾದದು?"

"ಭೂಮಿ ಕಾಯ್ಸಿದ್ದು ಸಾಕು," ಎಂದರು ಅತ್ತೆ. "ಬಚ್ಚಲ ಒಲೆ ಆರೋಗದೆ. ಮೊದ್ಲು ನೀರು ಕಾಯ್ಸಿ!"

ಮಾವ ಕಾಯಿಸಲಿಲ್ಲ. ತಣ್ಣೀರಲ್ಲೇ ಮಿಂದು, ಗುದ್ದಲಿ ತೆಗೆದುಕೊಂಡು ಹಿತ್ತಿಲಿಗೆ ಹೋದರು. ಅತ್ತೆಯ ದುಂಡುಮಲ್ಲಿಗೆ ಗಿಡವಿದ್ದ ಕಡೆ ಬಾವಿಯಂಥ ಗುಂಡಿ ಬಿದ್ದಿತು. ಗುಂಡಿಯ ಮೇಲೆ ಕವುಚಿ ಹಾಕುವ ಕಬ್ಬಿಣದ ಡ್ರಮ್ಮನ್ನು ಮಾವ ತಾವೇ ವೆಲ್ಡಿಂಗು ಮಾಡಿದರು. ಸಗಣಿ ಕಲಸಿದ ನೀರು ಗುಂಡಿಯಲ್ಲಿ ಕೊಳೆತು ಗ್ಯಾಸಾಗುತ್ತದೆ, ಗ್ಯಾಸು ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಅಲ್ಲಿಂದ ಪೈಪಿನಲ್ಲಿ ಅಡಿಗೆಮನೆಗೆ ಬರುತ್ತದೆ. ಎಲ್ಲ ಸರಿ. ಆದರೆ ಮನೆಯಲ್ಲಿದ್ದದ್ದು ಒಂದೇ ಒಂದು ಮುದಿ ಎಮ್ಮೆ! ಅದರ ಸಗಣಿ ಎಲ್ಲಿಗೆ ಸಾಲಬೇಕು? ಮಾವ ದಿನವೂ ಹುಲ್ಲು ಹಿಡಿದು ಅದರ ಬೆನ್ನಿಗೆ ನಿಂತು, "ಒಸಿ ಮನಸ್ಸು ಮಾಡವ್ವಾ," ಎಂದು ಬೇಡಿಕೊಳ್ಳುತ್ತಿದ್ದರು. ಎಮ್ಮೆ ತಿರುಗಿ ನೋಡಿ ಬಾಲ ಬೀಸುತ್ತಿತ್ತು.

ಅದೇ ಸಮಯಕ್ಕೆ ಹೇಮಗಿರಿಯಲ್ಲಿ ದನದ ಜಾತ್ರೆ ನೆರೆಯಿತು. ಎತ್ತು ತರುತ್ತೇನೆಂದು ಮಾವ ಹೋದರು. ಜಾತ್ರೆಗೆ ಹೋಗಿ ದನಗಳನ್ನು ಬಿಟ್ಟು ಅವುಗಳ ಸಗಣಿ ಮಾತ್ರ ತಂದ ಮನುಷ್ಯ ಭೂಲೋಕದಲ್ಲಿ ಇನ್ನೊಬ್ಬರು ಇದ್ದಾರೆಯೇ? ಅದೂ ಗೋಣಿಚೀಲಗಳಲ್ಲಿ ತುಂಬಿಕೊಂಡು, ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ! ಜನ ಮೂಗು ಮುಚ್ಚಿಕೊಂಡು ಗಲಾಟೆ ಎಬ್ಬಿಸಿದಾಗ ಕಂಡಕ್ಟರು ಬಂದನಂತೆ.

"ಚೀಲದಾಗೆ ಏನಣ್ಣ ಅದು?"

"ಗ್ಯಾಸು ಕಣಪ್ಪ."

"ಬಸ್ಸಲ್ಲಿ ಗ್ಯಾಸು ತರಂಗಿಲ್ಲ, ಇಳೀರಿ!"

"ಯಾಕೆ ಗಾಬ್ರಿ ಬೀಳ್ತೀಯ? ಇನ್ನೂ ಗ್ಯಾಸಾಗಿಲ್ಲ. ಊರಿಗೋದ್ಮೇಲೆ ಆಯ್ತದೆ."

ಕಂಡಕ್ಟರು ಚೀಲ ಬಿಚ್ಚಿ ನೋಡಿದ. ಮಾವ ಉಳಿದ ದಾರಿಯನ್ನು ಯಾರದೋ ಎತ್ತಿನಗಾಡಿಯಲ್ಲಿ ಕ್ರಮಿಸಿದರು. ಅದರಿಂದ ಅವರಿಗೆ ಸಂತೋಷವೇ ಆಯಿತು. ಏಕೆಂದರೆ ದಾರಿಯುದ್ದಕ್ಕೂ ಗಾಡಿಯ ಎತ್ತುಗಳು ಇನ್ನಷ್ಟು ಕೊಟ್ಟವಂತೆ!

ಹೀಗೆ ಒಲೆಯೇನೋ ಹತ್ತಿತು. ಆದರೆ ಚಳಿಗಾಲ ಬಂದಿತು ನೋಡಿ, ಡ್ರಮ್ಮು ಮುಷ್ಕರ ಹೂಡಿದಂತೆ ಕುಳಿತುಬಿಟ್ಟಿತು. ತಂಪಿಗೆ ಗ್ಯಾಸು ಕಮ್ಮಿ. ಮಾವ ತಮ್ಮ ಕಂಬಳಿಯನ್ನು ಡ್ರಮ್ಮಿಗೆ ಹೊದಿಸಿ, ತಾವು ಅತ್ತೆಯ ಹಳೇ ಸೀರೆ ಹೊದ್ದು ಮಲಗಿದರು. ಡ್ರಮ್ಮು ಬೆಚ್ಚಗಾಗಲಿಲ್ಲ, ಮಾವನಿಗೆ ನೆಗಡಿಯಾಯಿತು. ಆಗ ಸೀನುತ್ತ ಸೀನುತ್ತ ಅವರೊಂದು ಮಹಾ ನಿರ್ಧಾರಕ್ಕೆ ಬಂದರು. ಮನೆಯ ಕಕ್ಕಸ್ಸಿನ ಪೈಪನ್ನೂ ಗುಂಡಿಗೆ ಜೋಡಿಸಿಬಿಟ್ಟರು!

ಅತ್ತೆ ಟ್ರಂಕು ತೆಗೆದರು. "ನಾನು ತವರಿಗೋಯ್ತೀನಿ. ಈ ಮನೇಲಿನ್ನು ಒಂದು ತೊಟ್ಟು ನೀರು ಮುಟ್ಟಾಕಿಲ್ಲ."

"ಓಗು, ಬ್ಯಾಡ ಅನ್ನಲ್ಲ," ಎಂದರು ಮಾವ. "ಕಕ್ಕಸ್ಸಿಗೆ ಓಗ್ಬುಟ್ಟು ಆಮ್ಯಾಕೆ ತವರಿಗೆ ಓಗು."

ಅತ್ತೆ ಕೋಪದಲ್ಲೇ ನಕ್ಕುಬಿಟ್ಟರು. ನಕ್ಕ ಮೇಲೆ ಟ್ರಂಕು ಹೊರುವುದು ಹೇಗೆ? ಉಳಿದರು. ಒಲೆ ನೀಲಿಯಾಗಿ ಉರಿಯಿತು. ವಾಸನೆಯಿಲ್ಲ, ಪಾತ್ರೆಯ ತಳಕ್ಕೆ ಮಸಿಯಿಲ್ಲ. ಅತ್ತೆ ಬಾಯಿಬಿಟ್ಟು ಹೊಗಳಲಿಲ್ಲ; ಆದರೆ ನೆರೆಮನೆಯವರು ಬಂದಾಗ ಪಾತ್ರೆಗಳನ್ನು ಬೇಕೆಂದೇ ಬೋರಲು ಹಾಕುತ್ತಿದ್ದರು.

ಈಗ ತಿಳಿಯಿತಲ್ಲ, ಮಾವ ನೆಂಟರ ಹೊಟ್ಟೆ ನೋಡುತ್ತಿದ್ದುದು ಏಕೆಂದು? ಒಮ್ಮೆ ಕಿರಂಗೂರಿನ ಷಡ್ಡಕ ಗಡದ್ದಾಗಿ ಉಂಡು, ಬೆಳಗ್ಗೆ ಚೊಂಬು ಹಿಡಿದು ಸದ್ದಿಲ್ಲದೆ ನಾಲೆಯ ಕಡೆ ಹೊರಟಿದ್ದ. ಮಾವ ಬೀದಿಯಲ್ಲೇ ಅಡ್ಡಗಟ್ಟಿದರು. "ನಮ್ಮನೇಲಿ ಉಂಡ್ಬುಟ್ಟು ನಾಲೆಗೆ ಕೊಡಾಕೋಯ್ತಿದ್ದೀಯೇನ್ಲಾ? ಉಂಡ ಮನೆಗೆ ಎರಡು ಬಗೀತೀಯಾ? ತಿರುಗ್ಲಾ ಮನೆ ಕಡೆ!" ಆತ ಮತ್ತೆ ನಮ್ಮ ಬೀದಿಗೆ ಕಾಲಿಡಲಿಲ್ಲ. ಊರ ಜನ ನಮ್ಮ ಮನೆಯ ಕಾಫಿಗೆ ಇಟ್ಟ ಹೆಸರನ್ನಂತೂ ಇಲ್ಲಿ ಬರೆಯಲಾರೆ.

ಇಂಥ ಮನೆಗೆ ನನ್ನನ್ನು ನೋಡಲು ಗಂಡಿನವರು ಬಂದರು! ಅವರು ಬೂಕನಕೆರೆಯ ಕಡೆಯವರು, ಮರಗೆಲಸದ ಮನೆತನ. ನಮ್ಮ ಹಳ್ಳಿಗೆ ಸರಿಯಾದ ಬಸ್ಸಿಲ್ಲವೆಂದು ಹೆಣ್ಣು ನೋಡುವ ಶಾಸ್ತ್ರ ಮಾವನ ಮನೆಯಲ್ಲೇ ಎಂದಾಯಿತು. ಹಿಂದಿನ ಸಂಬಂಧ ತಪ್ಪಿಹೋಗಿ ಕಂಗಾಲಾಗಿದ್ದ ನಮ್ಮವ್ವ ಬಂದವಳೇ ತಮ್ಮನ ಕೈ ಹಿಡಿದುಕೊಂಡಳು.

"ಅವ್ರು ಓಗೋಗಂಟ ಗ್ಯಾಸಿನ ಸುದ್ದಿ ಎತ್ತಾಕಿಲ್ಲ ಅಂತ ನನ್ನ ಮ್ಯಾಲೆ ಆಣೆ ಇಡ್ಲಾ!"

ಮಾವ ಆಣೆ ಇಟ್ಟರು. ಹುಡುಗನ ಕಡೆಯವರು ಬಂದರು, ಕೂತರು. ಮಾವ ತುಟಿ ಬಿಗಿದು, ಹೊಟ್ಟೆನೋವು ಬಂದವರ ಹಾಗೆ ಕೂತಿದ್ದರು. ನಾನು ಕಾಫಿ ಕೊಟ್ಟೆ. ಹುಡುಗ ನನ್ನನ್ನು ನೋಡಿದ. ನಾನು ಲೋಟ ನೋಡಿದೆ. ಎಲ್ಲ ಸುಸೂತ್ರ. ಅಷ್ಟರಲ್ಲಿ ಹುಡುಗನ ಚಿಕ್ಕಪ್ಪ ಚಪ್ಪರಿಸಿ ಹೇಳಿದರು: "ಭಲೇ! ಕಣ್ಮುಚ್ಚಿ ತೆಗೆಯೋದ್ರೊಳಗೆ ಇಷ್ಟು ಜನಕ್ಕೆ ಕಾಫಿ ಆಗೋಯ್ತಲ್ಲ! ಸಿಲಿಂಡರ್ ಐತಾ?"

ಅವ್ವ ಕಣ್ಣು ಮುಚ್ಚಿಕೊಂಡಳು.

"ಸಿಲಿಂಡರಾ?" ಎಂದು ಮಾವ ಎದ್ದೇಬಿಟ್ಟರು. "ಬನ್ನಿ ತೋರುಸ್ತೀನಿ!"

ಗಂಡಸರನ್ನೆಲ್ಲ ಹಿತ್ತಿಲಿಗೆ ಹೊರಡಿಸಿಕೊಂಡು ಹೋದರು. ಡ್ರಮ್ಮು ತೋರಿಸಿದರು. ಎಮ್ಮೆ ತೋರಿಸಿದರು. ಕೊನೆಗೆ ಕಕ್ಕಸ್ಸಿನ ಬಾಗಿಲು ತೆಗೆದು, ಪೈಪು ಎಲ್ಲಿಂದೆಲ್ಲಿಗೆ ಹೋಗುತ್ತದೆಂದು ಕೋಲಿನಿಂದ ನೆಲದ ಮೇಲೆ ಗೆರೆ ಎಳೆದೂ ತೋರಿಸಿದರು. "ನೀವು ಕುಡಿದ್ರಲ್ಲ ಕಾಫಿ, ಅದ್ರಾಗೆ ನಮ್ಮ ಮನೆಯವರೆಲ್ಲರ ಶ್ರಮ ಐತೆ!"

ಚಿಕ್ಕಪ್ಪ ಬಾಯಿಗೆ ಪಂಚೆ ಒತ್ತಿಕೊಂಡು ಬಾಳೆಗಿಡದ ಮರೆಗೆ ಓಡಿದರು. ಹುಡುಗನ ತಂದೆ ಬಾಯಿ ಮುಕ್ಕಳಿಸಿ, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದರು. ನಮ್ಮವ್ವ ಕಂಬಕ್ಕೆ ಒರಗಿ ಅಳತೊಡಗಿದಳು. ಹುಡುಗನ ನೋಟ ನನಗೆ ಹಿಡಿಸಿಬಿಟ್ಟಿತ್ತಲ್ಲ!

"ಬಾರಮ್ಮಿ, ಬಸ್ಸು ಓಯ್ತದೆ!" ಎಂದು ಹುಡುಗನ ತಂದೆ ಹೊರಗಿನಿಂದ ಕೂಗಿದರು. ಆಗಲೇ ಎಲ್ಲರಿಗೂ ಹೊಳೆದದ್ದು, ಹುಡುಗನ ತಾಯಿ ಎಲ್ಲೂ ಕಾಣಿಸುತ್ತಿಲ್ಲ ಎಂದು.

ಆಕೆ ಅಡಿಗೆಮನೆಯಲ್ಲಿದ್ದರು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಉರಿಯನ್ನೇ ನೋಡುತ್ತಿದ್ದರು. ವರ್ಷಗಟ್ಟಲೆ ಹೊಗೆ ಕುಡಿದ ಕಣ್ಣುಗಳು ಕೆಂಡದಂತೆ ಕೆಂಪು, ರೆಪ್ಪೆಗೂದಲು ಉದುರಿಹೋಗಿತ್ತು.

"ಇದ ಊದಂಗಿಲ್ವಾ?" ಎಂದು ಅತ್ತೆಯನ್ನು ಕೇಳಿದರು.

"ಇಲ್ಲ ಕಣಕ್ಕ. ತಿರುಗ್ಸಿದ್ರೆ ಅತ್ಕತದೆ, ತಿರುಗ್ಸಿದ್ರೆ ಆರ್ತದೆ."

"ಸೌದೆ ಅಸಿ ಇದ್ರೆ?"

"ಸೌದೇನೇ ಇಲ್ವಲ್ಲಕ್ಕ!"

ಬಾಗಿಲಲ್ಲಿ ಚಿಕ್ಕಪ್ಪ ಕಾಣಿಸಿಕೊಂಡು, "ಅತ್ಗೆ, ಏಳಿ ಮೊದ್ಲು! ಕಕ್ಕಸ್ಸಿನ ಗ್ಯಾಸಂತೆ ಅದು!" ಎಂದರು.

ಆಕೆ ತಿರುಗಿಯೂ ನೋಡಲಿಲ್ಲ. "ಯಾತರದಾರ ಆಗ್ಲಿ. ನೀನು ಮಳೆಗಾಲದಾಗೆ ಒಂದಿನ ಒಲೆ ಊದು, ಆಮ್ಯಾಕೆ ಬಂದು ಮಾತಾಡು." ಬೀದಿಯಿಂದ ಮತ್ತೆ ಗಂಡನ ಕೂಗು. "ಬಸ್ಸು ಓದ್ರೆ ಓಗ್ಲಿ!" ಎಂದು ಇವರೂ ಕೂಗಿದರು. ಆಮೇಲೆ ನಮ್ಮ ಮಾವನನ್ನು ಕರೆಸಿದರು. "ಅಣ್ಣ, ಹೆಣ್ಣು ನಮಗೆ ಒಪ್ಗೆ. ವರದಕ್ಷಿಣೆ ಬ್ಯಾಡ. ನಮ್ಮ ಹಿತ್ಲಲ್ಲೂ ಇಂಥದೊಂದು ಗುಂಡಿ ಮಾಡ್ಕೊಡು."

ಸೋದರಸೊಸೆಯ ಮದುವೆಗೆ ಒಡವೆ ಬದಲು ಗೋಬರ್ ಗ್ಯಾಸು ಉಡುಗೊರೆ ಕೊಟ್ಟ ಮಾವ ಇನ್ನೆಲ್ಲಾದರೂ ಇದ್ದರೆ ತಿಳಿಸಿ! ಲಾರಿಯಲ್ಲಿ ಹೊಸ ಡ್ರಮ್ಮು ಹೇರಿಕೊಂಡು ಮಾವ ಬೂಕನಕೆರೆಗೆ ಬಂದರು. ಚಿಕ್ಕಪ್ಪ ಗೊಣಗುತ್ತಲೇ ಮಣ್ಣು ಹೊತ್ತರು. ಗುಂಡಿ ತುಂಬಿಸಿ, ಕಾಯ್ದು, ಗ್ಯಾಸು ಬಂದ ದಿನ ಮಾವ ಮತ್ತೆ ಬಂದು ಒಲೆಗೆ ಪೈಪು ಕೂರಿಸಿದರು. ನಮ್ಮತ್ತೆಯವರು, ಅಂದರೆ ಹುಡುಗನ ತಾಯಿ, ಕಡ್ಡಿ ಗೀರಿದರು. ಭುಸ್ಸೆಂದು ನೀಲಿ ಉರಿ ಎದ್ದಿತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಯಾಕವ್ವ ಕಣ್ಣೊರಸ್ತೀಯ, ಒಗೆ ಬರ್ತಿಲ್ವಲ್ಲ?" ಎಂದರು ಮಾವ ಗಾಬರಿಯಿಂದ.

"ಇಲ್ಲ ಕಣಣ್ಣ, ಕೈ ತಾನಾಗೇ ಓಯ್ತದೆ," ಎಂದು ಆಕೆ ನಕ್ಕರು. ಆದರೆ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ನಿಮ್ಮವ್ವ ಪುಣ್ಯವಂತೆ. ಇಂಥ ಮಗ ಇದ್ಮೇಲೆ ಆಯಮ್ಮ ಯಾವತ್ತೂ ಒಗೇಲಿ ಬೆಂದಿರಾಕಿಲ್ಲ."

ಮಾವ ಹೆಗಲ ಮೇಲಿನ ಟವೆಲು ತೆಗೆದು ಕೈ ಒರೆಸಿದರು, ಒರೆಸುತ್ತಲೇ ಇದ್ದರು.

"ಅವ್ವ ಕೆಮ್ಮಿ ಕೆಮ್ಮಿ ಓಗ್ಬುಟ್ಲು ಕಣವ್ವ," ಎಂದರು ಕೊನೆಗೆ. "ಆಗ ನಂಗೆ ಇದು ಗೊತ್ತಿರ್ನಿಲ್ಲ."

ನಮ್ಮತ್ತೆ ಗೋಡೆಗೆ ಒರಗಿಸಿದ್ದ ಮಣೆ ಎಳೆದು ಒಲೆಯ ಹತ್ತಿರ ಹಾಕಿದರು.

"ಕುಂತ್ಕೊ ಅಣ್ಣ," ಎಂದರು. "ನಾನು ಮಾಡ್ತೀನಿ, ಕಾಫಿ ಕುಡ್ಕೊಂಡು ಓಗು."